ಅಭಯದಾನ

ನೇತ್ರಾವತಿಯ ದಡದಲ್ಲಿರುವ ಧರ್ಮಸ್ಥಳದಲ್ಲಿ ನಾಲ್ಕು ಬಗೆಯ ದಾನಗಳು ನಡೆಯುತ್ತವೆಂದು ಹೇಳುವುದು ವಾಡಿಕೆ: ಅನ್ನ, ಔಷಧ, ವಿದ್ಯೆ ಮತ್ತು ಅಭಯ. ಮೊದಲಿನ ಮೂರನ್ನು ನಾವು ಕಣ್ಣಾರೆ ಕಾಣಬಹುದು. ಅನ್ನಪೂರ್ಣ ಛತ್ರದಲ್ಲಿ ಪಂಕ್ತಿಯ ಹಿಂದೆ ಪಂಕ್ತಿ ಕುಳಿತು ಏಳುತ್ತದೆ. ಕೆಲವೇ ಮೈಲಿಗಳಾಚೆ ಉಜಿರೆಯಲ್ಲಿ ಶಾಲೆ, ಕಾಲೇಜು, ಆಸ್ಪತ್ರೆಗಳಿವೆ. ನಾಲ್ಕನೆಯದಕ್ಕೆ ಅಂಥದೊಂದು ಕಟ್ಟಡವನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಅಂಜಿದವನ ಅಂಜಿಕೆಯನ್ನು ನೀಗುವುದೇ ಅಭಯ. ಇಂದು ಆ ದಾನ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದೆ? ಮನೆ ಬಿಟ್ಟು ಹೊರಟ ಮಕ್ಕಳಿಗೆ, ಮನೆಯಲ್ಲಿದ್ದೂ ಮನೆಯಿಲ್ಲದಂತಾದ ಹದಿಹರೆಯದವರಿಗೆ ಎಂದು ನನ್ನ ಉತ್ತರ.

ಮನೆಯಲ್ಲಿ ಏಟು ತಿಂದ ಹುಡುಗನಾಗಲಿ, ಪರೀಕ್ಷೆಯಲ್ಲಿ ನಪಾಸಾಗಿ ತಂದೆಗೆ ಮುಖ ತೋರಿಸಲಾರದವನಾಗಲಿ ಎಲ್ಲಿಗೆ ಹೋಗುತ್ತಾನೆ? ಕೈಯಲ್ಲಿರುವ ಹಣಕ್ಕೆ ಸಿಗುವ ಬಸ್ಸನ್ನು ಹತ್ತುತ್ತಾನೆ. ಆ ಬಸ್ಸು ಎಷ್ಟೋ ಬಾರಿ ಒಂದು ಯಾತ್ರಾಸ್ಥಳದಲ್ಲಿ ಅವನನ್ನು ಇಳಿಸುತ್ತದೆ. ಅಲ್ಲಿ ಊಟಕ್ಕೆ ಹಣ ಬೇಡ, ಮಲಗಲು ಒಂದು ಜಗಲಿಯಾದರೂ ಸಿಕ್ಕೀತು, ಜನಸಂದಣಿಯಲ್ಲಿ ತನ್ನನ್ನು ಯಾರೂ ಗುರುತಿಸಲಾರರು ಎಂಬುದು ಅವನಿಗೆ ಗೊತ್ತು. ಅವನ ಎಣಿಕೆ ತಪ್ಪಲ್ಲ. ಹೆಸರು, ಕುಲ, ಊರುಗಳನ್ನು ಕೇಳದೆ ಬಡಿಸುವುದೇ ಅನ್ನದಾನದ ಹಿರಿಮೆ. ಹಸಿದು ಬಂದವನನ್ನು ವಿಚಾರಣೆಗೆ ಗುರಿಪಡಿಸಿದರೆ ಅನ್ನದ ರುಚಿ ಕೆಡುತ್ತದೆ.

ಆದರೆ ಬೆಳೆದ ಯಾತ್ರಿಕನಿಗೆ ಗೌರವವಾಗಿ ಪರಿಣಮಿಸುವ ಈ ಮೌನವು ಹದಿನಾಲ್ಕು ವರ್ಷದ ಒಂಟಿ ಹುಡುಗನಿಗೆ ಅಪಾಯವಾಗಿ ಪರಿಣಮಿಸಬಹುದು. ಎರಡು ದಿನ ಅವನು ಉಣ್ಣುತ್ತಾನೆ, ಸ್ನಾನಘಟ್ಟದಲ್ಲಿ ಕುಳಿತಿರುತ್ತಾನೆ. ಮೂರನೆಯ ದಿನ ಅವನನ್ನು ಮಾತನಾಡಿಸುವವನು ಒಳ್ಳೆಯವನೇ ಆಗಿರಬೇಕೆಂದು ನಿಯಮವಿಲ್ಲ. ಕೆಲಸ ಕೊಡಿಸುವೆನೆಂದು ಕರೆದೊಯ್ಯುವವನು ಮೊದಲು ಬಂದನೋ, ಮನೆಗೆ ತಲುಪಿಸುವೆನೆನ್ನುವವನು ಮೊದಲು ಬಂದನೋ, ಅಷ್ಟರ ಮೇಲೆ ಒಂದು ಬಾಳಿನ ಗತಿ ನಿಂತಿರುತ್ತದೆ. ಆದುದರಿಂದ, ಹೆಸರು ಕೇಳದ ಅನ್ನದ ಪಕ್ಕದಲ್ಲಿಯೇ ಹೆಸರು ಕೇಳುವ ಒಬ್ಬ ಹಿರಿಯನೂ ಇರಬೇಕು. ಕೇಳುವ ರೀತಿ ಪೊಲೀಸಿನವರದಾಗಬಾರದು. 'ಊಟವಾಯಿತೇ ಮಗಾ, ಜೊತೆಗೆ ಯಾರಿದ್ದಾರೆ?' ಎಂಬಷ್ಟು ಸಾಕು.

ಕರಾವಳಿಗೆ ಮನೆ ಬಿಟ್ಟು ಹೋಗುವ ಹುಡುಗರ ಕಥೆ ಹೊಸದೇನೂ ಅಲ್ಲ. ಒಂದು ಕಾಲದಲ್ಲಿ ದಕ್ಷಿಣ ಕನ್ನಡದ ಹುಡುಗರು 'ಮುಂಬಯಿಗೆ ಓಡಿಹೋದರು' ಎಂಬ ಸುದ್ದಿ ಹಳ್ಳಿಹಳ್ಳಿಯಲ್ಲೂ ಕೇಳಿಬರುತ್ತಿತ್ತು. ಹೋಟೆಲುಗಳಲ್ಲಿ ಲೋಟ ತೊಳೆಯುತ್ತ, ಮೇಜು ಒರೆಸುತ್ತ, ರಾತ್ರಿ ಅದೇ ಮೇಜುಗಳ ಮೇಲೆ ಮಲಗುತ್ತ ಅವರು ಬೆಳೆದರು. ಅವರಲ್ಲಿ ಹೋಟೆಲುಗಳ ಒಡೆಯರಾದವರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಏನೂ ಆಗದೆ ಹೋದವರನ್ನು ನೆನೆಯುವವರಿಲ್ಲ. ಆ ಹುಡುಗರಿಗೆ ನಿಜವಾದ ಆಸರೆಯಾದುದು ಕನ್ನಡಿಗರು ನಡೆಸಿದ ರಾತ್ರಿಶಾಲೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮುಂಬಯಿಯ ಕೋಟೆ ಪ್ರದೇಶದಲ್ಲಿ ಉಚಿತ ರಾತ್ರಿಶಾಲೆಯನ್ನು ತೆರೆಯಿತು. ಅಲ್ಲಿ ಅವರಿಗೆ ದೊರೆತುದು ಅಕ್ಷರ ಮಾತ್ರವಲ್ಲ. ತಮ್ಮ ಮಾತನ್ನಾಡುವ, ನಿನ್ನೆ ಏಕೆ ಬರಲಿಲ್ಲವೆಂದು ಕೇಳುವ ಒಬ್ಬ ಉಪಾಧ್ಯಾಯರು ದಿನದ ಕೊನೆಗೆ ಕಾದಿರುತ್ತಿದ್ದರು.

ಊರಿನಲ್ಲಿಯೇ ಉಳಿದ ಬಡಮಕ್ಕಳಿಗೆ ಬೇರೊಂದು ದಾರಿ ತೆರೆಯಿತು. ಧರ್ಮಸ್ಥಳದ ಹೆಗ್ಗಡೆಯವರಾಗಿದ್ದ ಮಂಜಯ್ಯ ಹೆಗ್ಗಡೆಯವರು 1940 ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಸ್ಥಾಪಿಸಿದರು. ಓದಲು ಅನುಕೂಲವಿಲ್ಲದ ಹುಡುಗರಿಗೆ ಅಲ್ಲಿ ವಸತಿ, ಊಟ, ಶಿಸ್ತು, ಜೊತೆಗೆ ಮೈಮುರಿದು ದುಡಿಯುವ ಅಭ್ಯಾಸ ದೊರೆಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಇದೇ ಆಸರೆಯನ್ನು ಕೊಟ್ಟರು. ಒಂದು ಹೊತ್ತಿನ ಗಂಜಿಗೆ ಕಷ್ಟವಿದ್ದ ಮನೆಗಳಿಂದ ಅಧ್ಯಾಪಕರು, ವೈದ್ಯರು, ಅಧಿಕಾರಿಗಳು ಹೊರಬಂದುದು ಇಂಥ ವಿದ್ಯಾರ್ಥಿನಿಲಯಗಳಿಂದ. ಇವುಗಳ ಉಪಕಾರವನ್ನು ಕಡಿಮೆಯೆಣಿಸುವಂತಿಲ್ಲ.

ಹಾಗಿದ್ದರೂ ಒಂದು ಮಾತು ಹೇಳಲೇಬೇಕು. ವಿದ್ಯಾರ್ಥಿನಿಲಯಕ್ಕೆ ಸೇರಲು ಅರ್ಜಿ ಹಾಕಬೇಕು. ಅರ್ಜಿಗೆ ಸಹಿ ಮಾಡಲು ತಂದೆಯೋ ತಾಯಿಯೋ ಬೇಕು. ಬಹಳ ಕಡೆ ಅಂಕಪಟ್ಟಿಯೂ ಬೇಕು. ಅಂದರೆ, ಬಡತನವಿದ್ದರೂ ಮನೆಯೆಂಬುದು ಮುರಿಯದೆ ಉಳಿದಿರುವ ಮಗುವಿಗೆ ಅದು ತೆರೆದ ಬಾಗಿಲು. ಮನೆಯೇ ಮುರಿದ ಹುಡುಗನಿಗೆ, ಶಾಲೆ ಬಿಟ್ಟ ಹುಡುಗಿಗೆ ಆ ಬಾಗಿಲಿನ ದಾರಿಯೇ ತಿಳಿಯದು. ಜಾಣಮಕ್ಕಳಿಗೆ ನೆರವಾಗಲು ಎಲ್ಲರೂ ಮುಂದೆ ಬರುತ್ತಾರೆ. ನಪಾಸಾದವನಿಗೆ ನೆರವಾಗುವವರು ವಿರಳ, ಅಪಾಯವಿರುವುದು ಅವನಿಗೇ.

ಇನ್ನು, ಓಡಿಬಂದ ಹುಡುಗನನ್ನು ಸಮಾಧಾನವಾಗಿ ಕೇಳಿದರೆ ಅವನು ಹೇಳುವುದು ತನ್ನ ಕಥೆಯನ್ನಲ್ಲ, ತನ್ನ ಮನೆಯ ಕಥೆಯನ್ನು. ಸಂಜೆ ಕುಡಿದು ಬರುವ ತಂದೆ, ಬೀಡಿ ಕಟ್ಟಿದ ಹಣವನ್ನು ಬಚ್ಚಿಡುವ ತಾಯಿ, ಮಗಳ ಮದುವೆಗೆ ಮಾಡಿದ ಸಾಲ, ಪಾಲಿನ ಜಗಳದಲ್ಲಿ ಮಾತುಬಿಟ್ಟ ಅಣ್ಣತಮ್ಮಂದಿರು. ಇವನ್ನು ಹಾಗೆಯೇ ಬಿಟ್ಟು ಹುಡುಗನನ್ನು ಮಾತ್ರ ಮನೆಗೆ ಮರಳಿಸಿದರೆ ಅವನು ಮುಂದಿನ ತಿಂಗಳು ಇನ್ನೂ ದೂರದ ಬಸ್ಸನ್ನು ಹತ್ತುತ್ತಾನೆ. ಅವನನ್ನು ಮನೆಯಿಂದ ಬಿಡಿಸಿ ಒಂದು ನಿಲಯದಲ್ಲಿ ಇಟ್ಟರೆ, ಅದೇ ಮನೆಯಲ್ಲಿ ಅವನ ತಂಗಿ ಉಳಿದಿರುತ್ತಾಳೆ.

ಈ ದೃಷ್ಟಿಯಿಂದ ನೋಡಿದರೆ, ಬೆಳ್ತಂಗಡಿ ತಾಲ್ಲೂಕಿನ ಪ್ರಯೋಗಗಳಲ್ಲಿ ನನಗೆ ಹೆಚ್ಚು ಮಹತ್ತ್ವದ್ದೆಂದು ತೋರುವುದು ಮಕ್ಕಳಿಗಾಗಿ ಎಂದು ಹೆಸರು ಪಡೆಯದ ಕೆಲಸಗಳೇ. 1972 ರಲ್ಲಿ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು ಆರಂಭವಾದುವು. ಮದುವೆಯ ಸಾಲವೊಂದು ತಪ್ಪಿದರೆ ಆ ಮನೆಯ ಕಿರಿಯ ಮಗನ ಓದು ಉಳಿಯುತ್ತದೆ. 1974 ರ ಭೂಸುಧಾರಣಾ ತಿದ್ದುಪಡಿಯಿಂದ ಜಿಲ್ಲೆಯ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಒಡೆತನ ಬಂದಿತೇ ಹೊರತು ಬೇಸಾಯಕ್ಕೆ ಬಂಡವಾಳ ಬರಲಿಲ್ಲ. 1982 ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯು ಇಂಥ ಸಣ್ಣ ಹಿಡುವಳಿದಾರರ ಅಂಗಳದಿಂದಲೇ ತನ್ನ ಕೆಲಸವನ್ನು ತೊಡಗಿತು.

ಇವೆಲ್ಲಕ್ಕಿಂತ ಕಠಿನವಾದುದು ಕುಡಿತದ ಪ್ರಶ್ನೆ. ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳ ಕ್ರಮವನ್ನು ಗಮನಿಸಬೇಕು. ಕುಡುಕನನ್ನು ದೂರದ ಆಸ್ಪತ್ರೆಗೆ ಸಾಗಿಸುವುದಿಲ್ಲ. ಅವನ ಊರಿನ ಸಮೀಪದಲ್ಲಿಯೇ ಎಂಟು ದಿನಗಳ ಶಿಬಿರ ನಡೆಯುತ್ತದೆ. ಊರಿನವರೇ ಸಮಿತಿ ಮಾಡಿಕೊಂಡು ಅದನ್ನು ನಡೆಸುತ್ತಾರೆ. ಹೆಂಡತಿ ಮಕ್ಕಳೂ ಅಲ್ಲಿಗೆ ಬರುತ್ತಾರೆ. ಶಿಬಿರ ಮುಗಿದ ಬಳಿಕ ಬಿಟ್ಟವರೆಲ್ಲ 'ನವಜೀವನ ಸಮಿತಿ'ಯಾಗಿ ಕೂಡುತ್ತಾರೆ. ಎಂಟೇ ದಿನಗಳಲ್ಲಿ ಇಪ್ಪತ್ತು ವರ್ಷಗಳ ಚಟ ಬಿಡುವುದುಂಟೇ ಎಂದು ಕೇಳುವವರಿದ್ದಾರೆ. ಸಂದೇಹ ಸಹಜ, ಮರಳಿ ಬಾಟಲಿ ಹಿಡಿದವರೂ ಇದ್ದಾರೆ. ಆದುದರಿಂದಲೇ ಶಿಬಿರದ ಬೆಲೆ ಆ ಎಂಟು ದಿನಗಳಲ್ಲಿಲ್ಲ, ಅನಂತರ ಕೂಡುವ ಸಮಿತಿಯಲ್ಲಿದೆ. ಜಾರುವವನ ತೋಳು ಹಿಡಿಯಲು ತಾನೂ ಒಮ್ಮೆ ಜಾರಿದ ನೆರೆಯವನಿಗಿಂತ ಯೋಗ್ಯನಾದವನು ಇಲ್ಲ. ಬಯ್ಯದೆ ಬಾಗಿಲು ತೆರೆಯುವ ತಂದೆ ಮಗುವಿಗೆ ಮೊದಲ ಅಭಯ. ಅದು ಅದಕ್ಕೆ ತನ್ನ ಮನೆಯಲ್ಲಿಯೇ ದೊರೆತಂತಾಗುತ್ತದೆ.

ಕುಟುಂಬದ ವ್ಯಾಜ್ಯಗಳನ್ನು ಹೆಗ್ಗಡೆಯವರ ಮುಂದಿಟ್ಟು ಪರಿಹರಿಸಿಕೊಳ್ಳುವ ರೂಢಿಯೂ ಕ್ಷೇತ್ರದಲ್ಲಿ ಬಹು ಹಿಂದಿನದು. ಅಣ್ಣನ ಮಾತನ್ನೂ ತಮ್ಮನ ಮಾತನ್ನೂ ಕೇಳಿ ತೀರ್ಮಾನ ಹೇಳುವ ಆ ಕ್ರಮ ನ್ಯಾಯಾಲಯದ ಖರ್ಚನ್ನೂ ವೈರವನ್ನೂ ತಪ್ಪಿಸಿದೆ. ಆದರೆ ನಮ್ಮ ಸಮಾಜದ ಯಾವ ಪಂಚಾಯತಿಯಲ್ಲಾದರೂ ಮಕ್ಕಳನ್ನು ಕೂರಿಸಿ 'ನಿನಗೇನು ಬೇಕು?' ಎಂದು ಕೇಳುವ ಪದ್ಧತಿಯಿದೆಯೇ? ದೊಡ್ಡವರು ಮಾತನಾಡುವಾಗ ಮಕ್ಕಳು ಒಳಗಿರಬೇಕೆಂಬುದೇ ನಮ್ಮ ಸಂಪ್ರದಾಯ. ಈ ವಿಷಯದಲ್ಲಿ 2015 ರ ಬಾಲನ್ಯಾಯ ಕಾಯಿದೆಯು ನಮ್ಮ ಸಂಪ್ರದಾಯಕ್ಕಿಂತ ಮುಂದಿದೆ. ಮಗುವಿನ ಮಾತನ್ನು ಕೇಳಬೇಕು, ಅದನ್ನು ಸಾಧ್ಯವಾದಷ್ಟು ಬೇಗ ಕುಟುಂಬಕ್ಕೆ ಸೇರಿಸಬೇಕು, ನಿಲಯದಲ್ಲಿ ಇರಿಸುವುದು ಕಟ್ಟಕಡೆಯ ಉಪಾಯವಾಗಬೇಕು ಎಂಬುವು ಅದರ ಮೂಲತತ್ತ್ವಗಳು. ಒಂಟಿಯಾಗಿ ಸಿಕ್ಕ ಮಗುವನ್ನು ಪ್ರಯಾಣದ ಸಮಯವನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 1996 ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಎಂಬ ಉಚಿತ ದೂರವಾಣಿಯು ಈಗ ದೇಶದಾದ್ಯಂತ ಇದಕ್ಕಾಗಿಯೇ ಇದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ವಿಧವೆ ತಾಯಿಯ ಅಥವಾ ಬಂಧುಗಳ ಬಳಿ ಬೆಳೆಯುವ ಬಡಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ನೀಡುವ ಏರ್ಪಾಡಿದೆ. ಮಗುವನ್ನು ಮನೆಯಿಂದ ತರುವುದರ ಬದಲು ನೆರವನ್ನೇ ಮನೆಗೆ ಕಳುಹಿಸುವುದು ಇಲ್ಲಿನ ವಿವೇಕ.

ಹೆಣ್ಣುಮಕ್ಕಳ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಹುಡುಗ ಓಡಿಹೋದರೆ ಊರು ಹುಡುಕುತ್ತದೆ. ಹುಡುಗಿ ಹೋದರೆ ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚುತ್ತಾರೆ. ಬಹಳ ಮಂದಿ ಓಡಿಹೋಗುವುದೇ ಇಲ್ಲ. ಅವರನ್ನು ಬೇಗನೆ ಮದುವೆ ಮಾಡಿಯೋ, ಪಟ್ಟಣದ ಮನೆಗೆಲಸಕ್ಕೆ ಕಳುಹಿಸಿಯೋ ಸಮಸ್ಯೆ ಮುಗಿಯಿತೆಂದು ತಿಳಿಯುತ್ತೇವೆ. ಆಕೆಯ ಮೌನವನ್ನು ನಾವು ಸುಖವೆಂದು ಓದುತ್ತೇವೆ. ಆಕೆ ಧೈರ್ಯ ಮಾಡಿ ತರಗತಿಯ ಉಪಾಧ್ಯಾಯಿನಿಗೋ ಅಂಗನವಾಡಿಯ ಅಕ್ಕನಿಗೋ ಒಂದು ಮಾತು ಹೇಳಿದರೆ, ಆ ಮಾತು ಊರೆಲ್ಲ ಹರಡದೆ ಸಲ್ಲಬೇಕಾದಲ್ಲಿಗೆ ಸಲ್ಲಬೇಕು. ಗುಟ್ಟನ್ನು ಕಾಯುವುದೂ ಅಭಯದ ಒಂದು ಭಾಗ.

ಹದಿನೆಂಟು ತುಂಬಿದೊಡನೆ ಮಗು ಎಂಬ ಹೆಸರು ಹೋಗುತ್ತದೆ, ಕಷ್ಟ ಹೋಗುವುದಿಲ್ಲ. ನಿಲಯದಲ್ಲಿ ಬೆಳೆದವನು ಅಂದು ಚೀಲ ಹಿಡಿದು ಹೊರಗೆ ನಿಲ್ಲುತ್ತಾನೆ. ಇಪ್ಪತ್ತೊಂದರವರೆಗೆ ಅನುಪಾಲನೆಗೆ ಕಾಯಿದೆಯಲ್ಲಿ ಅವಕಾಶವಿದೆಯಾದರೂ, ಅದು ಕಾಗದದಿಂದ ಅವನ ಕೈಗೆ ಇಳಿಯಬೇಕಾದರೆ ಒಂದು ಕಸಬು ಬೇಕು. 1982 ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳು ಕೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆ ಈ ಕಾರಣದಿಂದ ಗಮನಾರ್ಹವಾಗಿದೆ. (2020 ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಊಟ ವಸತಿಗಳೊಡನೆ ಉಚಿತವಾಗಿ ಹೊಲಿಗೆ, ವಾಹನ ದುರಸ್ತಿ, ಹೈನುಗಾರಿಕೆಯಂಥ ಕಸಬುಗಳನ್ನು ಕಲಿಸಿ, ಕಲಿತು ಹೋದವನ ಕೈಬಿಡದೆ ವಿಚಾರಿಸುತ್ತಿರುವುದು ಅಲ್ಲಿನ ಕ್ರಮ. ಇದನ್ನು ಮಾದರಿಯಾಗಿ ಇಟ್ಟುಕೊಂಡು 2009 ರಿಂದ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳನ್ನು ತೆರೆಯಲಾಯಿತು. ಆದರೆ ಇಲ್ಲಿಗೂ ತಾನಾಗಿ ಬಂದು ಬಾಗಿಲು ತಟ್ಟುವವನು ಅಷ್ಟಿಷ್ಟು ಧೈರ್ಯವುಳ್ಳವನೇ. ನಿಲಯದಿಂದ ಹೊರಬಿದ್ದವನನ್ನು ಕೈಹಿಡಿದು ಇಂಥಲ್ಲಿಗೆ ತಲುಪಿಸುವ ನಡುವಿನ ವ್ಯಕ್ತಿ ಬೇಕು.

ಇಷ್ಟೆಲ್ಲ ಆಸರೆ ಕೊಟ್ಟರೆ ಮಕ್ಕಳು ಸಣ್ಣ ಮಾತಿಗೂ ಮನೆ ಬಿಡಲು ಕಲಿತಾರು ಎಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಛತ್ರವಿದೆಯೆಂದು ಯಾರೂ ಹಸಿವನ್ನು ತಂದುಕೊಳ್ಳುವುದಿಲ್ಲ. ಮಗು ಮನೆ ಬಿಡುವುದು ಹೊರಗೆ ಸುಖವಿದೆಯೆಂದಲ್ಲ, ಒಳಗೆ ತಾಳಲಾರದೆ.

ಆಗಬೇಕಾದ ಕೆಲಸಕ್ಕೆ ದೊಡ್ಡ ಕಟ್ಟಡವೇನೂ ಬೇಡ. ಜಿಲ್ಲೆಯ ಸಮಿತಿಯು ಮಂಗಳೂರಿನಲ್ಲಿದೆ. ಧರ್ಮಸ್ಥಳದಿಂದ ಅಲ್ಲಿಗೆ ಎಪ್ಪತ್ತು ಕಿಲೋಮೀಟರುಗಳಿಗೂ ಮಿಕ್ಕ ದಾರಿ. ಸಂಜೆ ಸಿಕ್ಕ ಮಗು ಬೆಳಗಿನವರೆಗೆ ಇರಲು ಠಾಣೆಯ ಬೆಂಚಲ್ಲದ ಒಂದು ಕೋಣೆ ಪ್ರತಿಯೊಂದು ಯಾತ್ರಾಸ್ಥಳದಲ್ಲಿಯೂ ಇರಬೇಕು; ಇಂಥ ಸ್ಥಳಗಳನ್ನು ಯೋಗ್ಯವೆಂದು ಮಾನ್ಯಮಾಡುವ ಅಧಿಕಾರವನ್ನು ಕಾಯಿದೆಯು ಕೊಟ್ಟೇ ಇದೆ. ಅಲ್ಲಿ ಒಬ್ಬ ಹೆಂಗಸೂ ಒಬ್ಬ ಗಂಡಸೂ ಸರದಿಯಲ್ಲಿ ಇರಬೇಕು. ಬಸ್ಸಿನ ನಿರ್ವಾಹಕರು, ವಸತಿಗೃಹಗಳ ಗುಮಾಸ್ತರು, ಸ್ನಾನಘಟ್ಟದ ಕಾವಲುಗಾರರು, ಛತ್ರದಲ್ಲಿ ಬಡಿಸುವವರು, ಇವರೆಲ್ಲ ಆ ಕೋಣೆಯನ್ನೂ 1098 ನ್ನೂ ಬಲ್ಲವರಾಗಿರಬೇಕು. ಮುಂಜಾನೆಯ ಮೊದಲ ಬಸ್ಸಿನಿಂದ ಒಂಟಿಯಾಗಿ ಇಳಿಯುವ ಮಗುವನ್ನು ಎಲ್ಲರಿಗಿಂತ ಮುಂಚೆ ಕಾಣುವವರು ಅವರೇ.