ಬೋರಿನ ನೀರಿಗೂ ನೊರೆ ಕೊಡುವ ಹೂಗಿಡ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೋರಿನ ನೀರಲ್ಲಿ ಬಟ್ಟೆ ಒಗೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಾಬೂನು ಎಷ್ಟು ತಿಕ್ಕಿದರೂ ನೊರೆ ಏಳೋದಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಕೆನೆಯಂಥದ್ದು ಕೂರುತ್ತೆ, ಒಣಗಿದ ಟವೆಲ್ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತೆ. ನಾವು ದುಡ್ಡು ಕೊಟ್ಟು ತಂದ ಸಾಬೂನಿನ ಅರ್ಧ ಪಾಲು ಕೊಳೆ ತೆಗೆಯೋ ಮೊದಲೇ ಆ ಜಿಡ್ಡಿಗೆ ಹೋಗುತ್ತೆ.

ಈ ನೀರಿಗೆ ಹೆದರದ ಒಂದು ಹೂಗಿಡದ ಬಗ್ಗೆ ಈ ಸಲದ ಅಂಕಣ. ಹೆಸರು ಸೋಪ್‌ವರ್ಟ್. ಸಸ್ಯಶಾಸ್ತ್ರದಲ್ಲಿ ಸಪೊನೇರಿಯಾ ಅಫಿಸಿನಾಲಿಸ್. ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಗಿಡ, ಕಾರ್ನೇಶನ್ ಹೂವಿನ ಸಂಬಂಧಿ. ಎರಡು-ಮೂರು ಅಡಿ ಎತ್ತರ, ತುದಿಯಲ್ಲಿ ಗೊಂಚಲು ಗೊಂಚಲಾಗಿ ತಿಳಿ ಗುಲಾಬಿ ಅಥವಾ ಬಿಳಿ ಹೂ, ಒಂದೊಂದಕ್ಕೆ ಐದು ಎಸಳು. ಪರಿಮಳ ಏಳೋದು ಸಂಜೆ ಮೇಲೆ, ಯಾಕಂದ್ರೆ ಇದು ರಾತ್ರಿ ಹಾರುವ ಪತಂಗಗಳನ್ನ ಕರೆಯುವ ಹೂ. ಲಾಗಿನ್ ಬೆಳಿಗ್ಗೆ ಒಂಬತ್ತಕ್ಕೆ, ಲಾಗೌಟ್ ಕತ್ತಲಾದ ಮೇಲೆ ಅನ್ನುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ.

ಎಲೆ, ಕಾಂಡ, ಬೇರು ಎಲ್ಲದರಲ್ಲೂ ಸಪೋನಿನ್ ಅನ್ನುವ ವಸ್ತು ಇದೆ. ಅದರ ಅಣುವಿನ ಒಂದು ತುದಿ ಸಕ್ಕರೆಯದು, ಅದು ನೀರನ್ನ ಹಿಡಿಯುತ್ತೆ. ಇನ್ನೊಂದು ತುದಿ ಎಣ್ಣೆ ಜಿಡ್ಡನ್ನ ಹಿಡಿಯುತ್ತೆ. ಸಾಬೂನಿನ ಕೆಲಸವೂ ಇದೇ. ಆದರೆ ಸಪೋನಿನ್ ಗಡಸು ನೀರಲ್ಲಿ ಒಡೆದು ಜಿಡ್ಡಾಗೋದಿಲ್ಲ, ಬಟ್ಟೆಗೆ ಕ್ಷಾರ ತಾಗಿಸೋದಿಲ್ಲ. ಅದಕ್ಕೇ ಹಳೇ ನೇಯ್ಗೆಯ ಬಟ್ಟೆಗೆ ಇದು ಮೃದು. ಇಂಗ್ಲೆಂಡಿನ ಅಪ್‌ಪಾರ್ಕ್ ಅನ್ನುವ ದೊಡ್ಡ ಮನೆಯಲ್ಲಿ 1930ರ ದಶಕದಲ್ಲಿ ಆ ಮನೆಯ ಒಡತಿ, ಮುಟ್ಟಿದರೆ ಹರಿಯುವಂತಿದ್ದ ಶತಮಾನಗಳ ಹಳೆಯ ಪರದೆಗಳನ್ನ ಈ ಗಿಡದ ರಸದಿಂದಲೇ ತೊಳೆದು ಉಳಿಸಿದರು.

ಈ ಸಂಗತಿ ಓದಿದಾಗ ನನ್ನ ತಲೆಗೆ ಬಂದದ್ದು ರಬಕವಿಯ ದೊಡ್ಡವ್ವ.

ಟ್ರಂಕಿನಲ್ಲಿದ್ದ ಸೀರೆ

ರಬಕವಿ-ಬನಹಟ್ಟಿ ಅಂದ್ರೆ ಮಗ್ಗದ ಊರು. ಈಗ ಓಣಿಗಳಲ್ಲಿ ಪವರ್‌ಲೂಮ್ ಸಪ್ಪಳವೇ ಜಾಸ್ತಿ, ಕೈಮಗ್ಗದ ಸದ್ದು ಹುಡುಕಿ ಕೇಳಬೇಕು. ದೊಡ್ಡವ್ವ ಕುಣಿ ಮಗ್ಗದ ಕಾಲದವಳು. ನಲವತ್ತು ವರ್ಷ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯ್ದಳು. ನೇಯ್ದದ್ದೆಲ್ಲ ಸಾಹುಕಾರರ ಗಂಟಿಗೆ ಹೋಯ್ತು. ತನಗೆ ಅಂತ ಇಟ್ಟುಕೊಂಡದ್ದು ಒಂದೇ ಸೀರೆ, ಮಗ್ಗ ಮಾರುವ ಮೊದಲು ನೇಯ್ದ ಕೊನೇದು. ಕಡುನೀಲಿ ಹತ್ತಿಯ ಒಡಲು, ಕೆಂಪು ದಡಿ. ಇಪ್ಪತ್ತು ವರ್ಷ ಟ್ರಂಕಿನಲ್ಲೇ ಇತ್ತು. ಗಂಜಿ ಹಾಕಿ ಮಡಚಿಟ್ಟದ್ದು ಮಡಿಕೆ ಮಡಿಕೆಗೂ ಹಳದಿ ಗೆರೆ ಬಿಟ್ಟು, ಮುಗ್ಗಲು ವಾಸನೆ ಹಿಡಿದಿತ್ತು.

ನನ್ನ ತಂಗಿಯ ಕುಬಸಕ್ಕೆ ಅದನ್ನೇ ಉಡ್ತೀನಿ ಅಂತ ದೊಡ್ಡವ್ವ ಹಟ ಹಿಡಿದಳು. ಮನೆಯಲ್ಲಿ ಯಾರಿಗೂ ಧೈರ್ಯ ಇಲ್ಲ. ವಾಷಿಂಗ್ ಪೌಡರ್ ಹಾಕಿದರೆ ದಡಿಯ ಕೆಂಪು ಒಡಲಿಗೆ ಇಳಿದರೆ? ಹಳೇ ನೂಲು ಪಿಸಿದರೆ? ಅಮ್ಮ ಹೊಸ ಸೀರೆ ತರ್ತೀನಿ ಅಂದಳು. ನಾನು ಚೌಕಟ್ಟು ಹಾಕಿಸಿ ಗೋಡೆಗೆ ಇಡೋಣ ಅಂದೆ. ದೊಡ್ಡವ್ವ ಒಂದೇ ಮಾತು ಹೇಳಿದಳು: “ಏ ತಮ್ಮಾ, ಗೋಡಿಗೆ ಹಾಕಾಕ ನಾ ಏನ್ ಪಟ ಬರದೀನೇನು? ಸೀರಿ ಅಂದ್ರ ಉಡಾಕ ನೇಯ್ದದ್ದು.”

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬನಹಟ್ಟಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ನಾನು ಆ ಸಂಜೆ ಸೋಪ್‌ವರ್ಟ್ ಬೀಜ ಆರ್ಡರ್ ಮಾಡಿದೆ.

ಪಾಕೀಟಿನ ಮೇಲಿನ ಹೆಸರು ಓದಿ

ಕೊಳ್ಳುವಾಗ ಒಂದು ಎಚ್ಚರ ಇರಲಿ. ‘ಸಪೊನೇರಿಯಾ’ ಅಂತ ಬರೆದ ಬೀಜದ ಪಾಕೀಟೆಲ್ಲ ಒಂದೇ ಗಿಡದ್ದಲ್ಲ. ನಮ್ಮ ದೇಶದಲ್ಲಿ ಚಳಿಗಾಲದ ಹೂವೆಂದು ಮಾರುವುದು ಹೆಚ್ಚಾಗಿ ‘ವ್ಯಾಕೇರಿಯಾ’. ಅದು ಒಂದು ಹಂಗಾಮಿನ ಗಿಡ. ಅಕ್ಟೋಬರ್‌ನಲ್ಲಿ ಬಿತ್ತಿದರೆ ಎರಡು-ಮೂರು ತಿಂಗಳಲ್ಲಿ ಹೂ ಬಿಟ್ಟು, ಬೀಜ ಕಟ್ಟಿ, ಮುಗಿದುಹೋಗುತ್ತೆ. ಹೂದಾನಿಗೆ ಚಂದ. ಮೊದಲ ಸಲ ಹೂಗಿಡ ಬೆಳೆಸುವವರು ಇದರಿಂದಲೇ ಶುರುಮಾಡಬಹುದು, ಬೀಜಕ್ಕೆ ಫ್ರಿಜ್ ಉಪಚಾರವೂ ಬೇಡ. ವರ್ಷಗಟ್ಟಲೆ ಉಳಿಯುವ, ಬಟ್ಟೆ ತೊಳೆಯಲು ಹೆಸರಾದ ಗಿಡ ಬೇಕಿದ್ದರೆ ಪಾಕೀಟಿನ ಮೇಲೆ ‘ಅಫಿಸಿನಾಲಿಸ್’ ಅನ್ನುವ ಪದ ಇರಲೇಬೇಕು.

ಅಫಿಸಿನಾಲಿಸ್ ಬೀಜ ರಾಗಿಗಿಂತ ಸ್ವಲ್ಪ ದಪ್ಪ, ಕಪ್ಪು. ಚಳಿದೇಶದ ಗಿಡವಾದ್ದರಿಂದ ಒಂದು ಚಳಿಗಾಲ ಕಳೆದ ಮೇಲೇ ಮೊಳೆಯುವ ಅಭ್ಯಾಸ ಅದಕ್ಕೆ. ಬಾಗಲಕೋಟೆ ಜಿಲ್ಲೆಯಲ್ಲಿ ಅಂಥ ಚಳಿ ಎಲ್ಲಿಂದ ತರೋದು? ಫ್ರಿಜ್‌ನಿಂದ.

ಗಣಪತಿ ಕಳಿಸಿದ ಮೇಲೆ, ಸೆಪ್ಟೆಂಬರ್‌ನಲ್ಲಿ, ಒಂದು ಹಿಡಿ ತೊಳೆದ ಮರಳನ್ನ ಹಸಿ ಮಾಡಿ, ಹಿಂಡಿದರೆ ನೀರು ಬೀಳದಷ್ಟು ತೇವ ಇಟ್ಟು, ಬೀಜ ಬೆರೆಸಿ, ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮೂರರಿಂದ ನಾಲ್ಕು ವಾರ ಇಡಿ. ಫ್ರೀಜರ್ ಬೇಡ. ಡಬ್ಬಿ ಮೇಲೆ ಹೆಸರು, ತಾರೀಖು ಬರೆಯಿರಿ. ನಮ್ಮ ಮನೆಯಲ್ಲಿ ಮೊಸರಿನ ಪಕ್ಕ ಮಣ್ಣಿನ ಡಬ್ಬಿ ಕಂಡ ಅಮ್ಮ, “ಇದಕ್ಕ ಒಗ್ಗರಣಿ ಯಾವಾಗ ಹಾಕೂಣು?” ಅಂತ ನಾಲ್ಕು ವಾರ ದಿನಾ ಕೇಳಿದಳು.

ಸೀಗಿ ಹುಣ್ಣಿಮೆಗೆ ಮಣ್ಣಿಗೆ

ಬೀಜ ಮಣ್ಣು ಕಾಣಬೇಕಾದ್ದು ಸೀಗಿ ಹುಣ್ಣಿಮೆ ಆಸುಪಾಸು. ಮಳೆ ಹಿಂದೆ ಸರಿದು ರಾತ್ರಿ ತಂಪು ಶುರುವಾಗುವ ಹೊತ್ತು. ಮೊಳಕೆಗೆ 15ರಿಂದ 20 ಡಿಗ್ರಿ ಇದ್ದರೆ ಒಳ್ಳೇದು.

ಮಣ್ಣಿನ ವಿಚಾರದಲ್ಲಿ ನಮ್ಮ ಎರೆ ಮಣ್ಣಿಗೆ ಒಂದು ಒಳ್ಳೇ ಸುದ್ದಿ, ಒಂದು ಕೆಟ್ಟ ಸುದ್ದಿ ಇದೆ. ಎರೆ ಮಣ್ಣು ಕ್ಷಾರದ ಕಡೆ ವಾಲುತ್ತೆ, ಬಹಳ ಹೂಗಿಡಗಳಿಗೆ ಅದು ಸೇರೋದಿಲ್ಲ. ಸೋಪ್‌ವರ್ಟ್ ಸುಣ್ಣದ ನೆಲದಲ್ಲೂ ಬೆಳೆಯುವ ಗಿಡ, ಅದಕ್ಕೆ ತಕರಾರಿಲ್ಲ. ಕೆಟ್ಟದ್ದು ಏನಂದ್ರೆ ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಈ ಗಿಡದ ಬೇರು ನಿಂತ ನೀರಲ್ಲಿ ಕೊಳೆಯುತ್ತೆ. ಹಾಗಾಗಿ ಒಂದು ಪಾಲು ಎರೆ ಮಣ್ಣು, ಒಂದು ಪಾಲು ಗರಸು ಅಥವಾ ದಪ್ಪ ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ. ಗೊಬ್ಬರ ಜಾಸ್ತಿಯಾದರೆ ಗಿಡ ಸೊಕ್ಕಿ ಅಡ್ಡ ಬೀಳುತ್ತೆ, ಹೂ ಕಡಿಮೆ.

ಟ್ರೇ ತುಂಬಿಸಿ, ಬೀಜ ಉದುರಿಸಿ, ಮೇಲೆ ಕಡಲೆಬೇಳೆ ದಪ್ಪದಷ್ಟು ಮಾತ್ರ ಮಣ್ಣು ಮುಚ್ಚಿ. ನೀರು ಚಿಮುಕಿಸಿ, ಸುರಿಯಬೇಡಿ. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತೆ. ನನ್ನ ಮೂವತ್ತು ಬೀಜದಲ್ಲಿ ಹತ್ತೊಂಬತ್ತು ಎದ್ದವು. ನಾಲ್ಕೈದು ಎಲೆ ಬಂದ ಮೇಲೆ ಒಂದು ಕುಂಡಕ್ಕೆ ಒಂದರಂತೆ, ನೆಲವಾದರೆ ಒಂದಡಿ ಅಂತರದಲ್ಲಿ ನಾಟಿ. ನೆಲದ ಕೆಳಗೆ ಬೇರುಕಾಂಡ ಹಬ್ಬಿಸಿ ಪಕ್ಕದ ಜಾಗ ನುಂಗುವ ಗುಣ ಇದಕ್ಕಿದೆ, ಕುಂಡವೇ ಕ್ಷೇಮ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನ ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಜಾಸ್ತಿ.

ಎಳ್ಳಮಾಸಿ ಹೊತ್ತಿಗೆ ಗಿಡ ಗೇಣುದ್ದ ಆಗಿದ್ದವು. ಶಿವರಾತ್ರಿವರೆಗೆ ಪೂರ್ತಿ ಬಿಸಿಲು ಕೊಟ್ಟೆ. ಅಲ್ಲಿಂದಾಚೆ ನಮ್ಮ ಬೇಸಿಗೆಯ ಪರೀಕ್ಷೆ. 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳು ಈ ಗಿಡ ಹುಟ್ಟಿದ ನಾಡಿನದ್ದಲ್ಲ. ಕುಂಡಗಳನ್ನ ಬೇವಿನ ನೆರಳಿಗೆ ಸರಿಸಿ, ಬೆಳಿಗ್ಗೆ ಮಾತ್ರ ನೀರು ಹಾಕಿದೆ. ಮೇಲಿನ ಎಲೆ ಒಣಗಿತು, ಬೇರಲ್ಲಿ ಜೀವ ಇತ್ತು. ಜೂನ್ ಮಳೆಗೆ ಏಳು ಕುಂಡ ಮತ್ತೆ ಚಿಗುರಿದವು. ಮೊದಲ ಹೂ ಕಂಡದ್ದು ಆಗಸ್ಟ್‌ನಲ್ಲಿ, ಬಿತ್ತಿದ ಹತ್ತು ತಿಂಗಳ ಮೇಲೆ. ಹೆಚ್ಚಿನ ಕಡೆ ಇದು ಎರಡನೇ ವರ್ಷವೇ ಸರಿಯಾಗಿ ಹೂ ಬಿಡುವ ಗಿಡ. ಮೊದಲ ವರ್ಷ ಬರೀ ಎಲೆ ನೋಡುವ ತಾಳ್ಮೆ ಇದ್ದವರು ಮಾತ್ರ ಕೈ ಹಾಕಿ.

ಕುಬಸ ಕಾಯೋದಿಲ್ಲ

ಕುಬಸ ಇದ್ದದ್ದು ಫೆಬ್ರುವರಿಯಲ್ಲಿ. ಆಗ ಗಿಡಗಳು ಇನ್ನೂ ಎಳೆಯವು, ಬೇರು ಕೀಳುವ ಮಾತೇ ಇಲ್ಲ. ಒಂದು ಹಿಡಿ ಎಲೆ ಸಿಕ್ಕಿತು. ಒಂದು ಸೀರೆಗೆ ಅದು ಸಾಲೋದಿಲ್ಲ.

ದಾರಿ ತೋರಿಸಿದ್ದು ದೊಡ್ಡವ್ವನೇ. ಎಲೆ ಕುದಿಸಿದ ನೀರಿನ ನೊರೆಯನ್ನ ಬೆರಳಲ್ಲಿ ಉಜ್ಜಿ ನೋಡಿ, “ಇದು ಅಂಟವಾಳದ ತಂಗಿ ಐತಿ ಬಿಡು” ಅಂದಳು. ಅವಳಿಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಹೇಳಿದ್ದು ನೂರಕ್ಕೆ ನೂರು ಸರಿ. ಅಂಟವಾಳ ಕಾಯಿಯ ಸಿಪ್ಪೆಯಲ್ಲಿ ಇರುವುದೂ ಸಪೋನಿನ್ನೇ, ಸೀಗೆಕಾಯಿಯಲ್ಲೂ ಅದೇ. ಪತ್ತಾರರು ಬೆಳ್ಳಿ-ಬಂಗಾರಕ್ಕೆ ಹೊಳಪು ಕೊಡಲು ಇವತ್ತಿಗೂ ಅಂಟವಾಳ ಬಳಸ್ತಾರೆ. ಕಿರಾಣಿ ಅಂಗಡಿಯಿಂದ ಪಾವು ಕಿಲೋ ತಂದೆವು.

ವಿಧಾನ ಹೀಗೆ. ಬೀಜ ತೆಗೆದ ಹತ್ತು-ಹನ್ನೆರಡು ಅಂಟವಾಳದ ಸಿಪ್ಪೆಯನ್ನ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಸೋಪ್‌ವರ್ಟ್ ಆದರೆ ಲೀಟರಿಗೆ ಎರಡು ಹಿಡಿ ಹಸಿ ಎಲೆ-ಕಾಂಡ ಹೆಚ್ಚಿ ಹಾಕಿ, ಅಷ್ಟೇ ಹೊತ್ತು ಕುದಿಸಿ. ಎರಡೂ ಹೆಚ್ಚು ದಿನ ಉಳಿಯೋದಿಲ್ಲ, ಅವತ್ತೇ ಬಳಸಿ.

ಪ್ರೊಡಕ್ಷನ್‌ಗೆ ಹಾಕುವ ಮೊದಲು ಟೆಸ್ಟಿಂಗ್ ಅನ್ನುವ ನಮ್ಮ ಆಫೀಸಿನ ನಿಯಮ ಸೀರೆಗೂ ಸರಿ. ಒಳಮಡಿಕೆಯ ಒಂದು ಮೂಲೆಗೆ ರಸ ಹಚ್ಚಿ, ಬಿಳಿ ಬಟ್ಟೆ ಒತ್ತಿ, ಬಣ್ಣ ಹತ್ತುತ್ತಾ ನೋಡಿ. ನಮ್ಮ ಬಿಳಿ ಬಟ್ಟೆ ಬಿಳಿಯಾಗೇ ಉಳಿಯಿತು. ಆಮೇಲೆ ದೊಡ್ಡ ಬುಟ್ಟಿಯಲ್ಲಿ ತಣ್ಣೀರು, ಅದಕ್ಕೆ ರಸ, ಹತ್ತೇ ನಿಮಿಷ. ತಿಕ್ಕುವ ಹಾಗಿಲ್ಲ, ಹಿಂಡುವ ಹಾಗಿಲ್ಲ, ಅಂಗೈಯಿಂದ ಅದುಮಬೇಕು ಅಷ್ಟೇ. ಮೂರು ಸಲ ನೀರು ಬದಲಾಯಿಸಿ, ನೆರಳಲ್ಲಿ ಹರವಿದೆವು.

ಮುಗ್ಗಲು ವಾಸನೆ ಪೂರ್ತಿ ಹೋಯ್ತು. ಹಳೇ ಗಂಜಿ ಬಿಟ್ಟು ನೂಲು ಮೆತ್ತಗಾಯ್ತು, ಕೆಂಪು ದಡಿ ತನ್ನ ಜಾಗದಲ್ಲೇ ನಿಂತಿತು. ಹಳದಿ ಗೆರೆ ಮಾತ್ರ ಮಸುಕಾಯ್ತೇ ಹೊರತು ಹೋಗಲಿಲ್ಲ. ಸಪೋನಿನ್ ಕೊಳೆ ಎತ್ತುತ್ತೆ, ಬ್ಲೀಚ್ ಮಾಡೋದಿಲ್ಲ. ದೊಡ್ಡವ್ವ ಆ ಗೆರೆ ಒಳಗೆ ಬರುವ ಹಾಗೆ ನಿರಿಗೆ ಹಿಡಿದು ಉಟ್ಟಳು. ಕುಬಸದ ದಿನ ಸೀರೆ ಎಲ್ಲಿಂದ ತಂದ್ರಿ ಅಂತ ಮೂರು ಮಂದಿ ಕೇಳಿದರು. “ಮಾರಾಟಕ್ಕಿಲ್ಲ” ಅಂದಳು. ನಲವತ್ತು ವರ್ಷದಲ್ಲಿ ಆ ಮಾತು ಅವಳು ಆಡಿದ್ದು ಅದೇ ಮೊದಲಿರಬೇಕು.

ಕುಂಡವೋ, ಮರವೋ?

ಹಾಗಾದರೆ ಅಂಟವಾಳ ಇರುವಾಗ ಸೋಪ್‌ವರ್ಟ್ ಯಾಕೆ ಅಂತ ನೀವು ಕೇಳಬಹುದು. ಹಿತ್ತಲು ಇದ್ದವರು ಖಂಡಿತ ಅಂಟವಾಳ ಹಚ್ಚಿ. ಸಿಪ್ಪೆ ಬಳಸಿದ ಮೇಲೆ ಉಳಿಯುವ ಕಪ್ಪು ಬೀಜ ಎಸೆಯಬೇಡಿ. ಅದರ ಚಿಪ್ಪು ಬಹಳ ಗಟ್ಟಿ, ಉಪ್ಪುಕಾಗದದಿಂದ ಒಂದು ಬದಿ ಸವೆಸಿ, ಒಂದು ದಿನ ನೀರಲ್ಲಿ ನೆನೆಸಿ, ಒಂದಂಗುಲ ಆಳಕ್ಕೆ ಊರಿ. ಮೊಳಕೆಗೆ ಒಂದರಿಂದ ಮೂರು ತಿಂಗಳು ಬೇಕು. ಕಾಯಿ ಬಿಡಲು ಎಂಟು-ಹತ್ತು ವರ್ಷ. ನಮ್ಮ ಬಿಸಿಲಿಗೆ ಹುಟ್ಟಿದ ಮರ, ಬೇಸಿಗೆಯಲ್ಲಿ ಅದಕ್ಕೆ ಯಾರ ನೆರಳೂ ಬೇಕಿಲ್ಲ.

ಬೀಳಗಿ ಕಡೆಯ ಗೆಳೆಯನೊಬ್ಬನಿಗೆ ಇದನ್ನೇ ಹೇಳಿದೆ. ಅವನು ನಕ್ಕು, “ಹತ್ತು ವರ್ಷಕ್ಕ ಆ ಹಿತ್ತಲ ಎಲ್ಲಿರತೈತಿ ಹೇಳು ಮೊದಲ” ಅಂದ. ಆಲಮಟ್ಟಿ ಜಲಾಶಯದ ಮಟ್ಟವನ್ನ 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ ಒಪ್ಪಿ 2010ರಲ್ಲೇ ತೀರ್ಪು ಕೊಟ್ಟಿದೆ. ಅವತ್ತಿನಿಂದ ಹಿನ್ನೀರಿನ ದಂಡೆಯ ಎಷ್ಟೋ ಮನೆಯವರು ಗೋಡೆಗೆ ಸುಣ್ಣ ಹಚ್ಚಲೂ ಎರಡು ಸಲ ಯೋಚಿಸುತ್ತಾರೆ. ಅಂಥವನಿಗೆ ಮರ ಹಚ್ಚು ಅನ್ನೋದು ಸುಲಭದ ಮಾತಲ್ಲ. ಮಳೆಗಾಲದಲ್ಲಿ ಒಂದು ಕುಂಡದ ಬೇರು ಸೀಳಿ, ಎರಡು ತುಂಡು ಅವನಿಗೆ ಕೊಟ್ಟೆ. ಕುಂಡ ಲಾರಿ ಹತ್ತುತ್ತೆ, ಮರ ಹತ್ತೋದಿಲ್ಲ. ಬೆಂಗಳೂರಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಬದಲಿಸುವವರಿಗೂ ಇದೇ ಲೆಕ್ಕ. ಅಲ್ಲಿನ ತಂಪಿಗೆ ಗಿಡ ಇನ್ನೂ ಖುಷಿಯಾಗಿರುತ್ತೆ.

ಕೊನೆಗೆ ಮೂರು ಎಚ್ಚರಿಕೆ. ಈ ಗಿಡದ ಯಾವ ಭಾಗವೂ ತಿನ್ನಲಿಕ್ಕಲ್ಲ, ಮಕ್ಕಳ ಮತ್ತು ಆಡು-ಮೇಕೆಗಳ ಬಾಯಿಗೆ ಸಿಗದ ಹಾಗಿಡಿ. ಸಪೋನಿನ್ ಮೀನಿಗೆ ವಿಷ, ಮೀನಿನ ತೊಟ್ಟಿ, ಕೆರೆ, ಹಳ್ಳಕ್ಕೆ ಈ ನೀರು ಚೆಲ್ಲಬೇಡಿ. ಕಣ್ಣಿಗೆ ಬಿದ್ದರೆ ಉರಿಯುತ್ತೆ, ತಕ್ಷಣ ತೊಳೆಯಿರಿ.

ಈ ವಾರ ಮಾಡಬೇಕಾದ್ದು ಇಷ್ಟೇ: ಬೀಜ ತರಿಸಿ, ಪಾಕೀಟಿನ ಮೇಲಿನ ಹೆಸರು ನೋಡಿ, ಮರಳಿನ ಡಬ್ಬಿಯನ್ನ ಫ್ರಿಜ್ಜಿನಲ್ಲಿಡಿ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಒಗ್ಗರಣೆ ಬೀಳುತ್ತೆ.