ಪ್ರವಾಸದ ಬಸ್ಸು ವಿದುರಾಶ್ವತ್ಥಕ್ಕೂ ಹೋಗಲಿ

‘ಕರ್ನಾಟಕದ ಜಲಿಯನ್‌ವಾಲಾಬಾಗ್ ಯಾವುದು?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಉತ್ತರ ಬಾಯಿಪಾಠ. ವಿದುರಾಶ್ವತ್ಥ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಊರನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಡಿಸೆಂಬರ್ ಬಂತೆಂದರೆ ನಮ್ಮ ಹಂಪಾಪುರದ ಕಡೆಯಿಂದಲೂ ಶಾಲಾ ಪ್ರವಾಸದ ಬಸ್ಸುಗಳು ಹೊರಡುತ್ತವೆ. ನಾನೂ ಹೋಗಿದ್ದೆ. ಮೂರು ದಿನ, ಹನ್ನೊಂದು ಸ್ಥಳ. ಈಗ ನೆನಪಿರುವುದು ಬಸ್ಸಿನ ಅಂತ್ಯಾಕ್ಷರಿ ಮಾತ್ರ.

ನಾಜಿಗಳು ಸುಮಾರು 11 ಲಕ್ಷ ಜನರನ್ನು, ಬಹುಪಾಲು ಯಹೂದಿಗಳನ್ನು, ಕೊಂದ ಪೋಲೆಂಡಿನ ಆಶ್ವಿಟ್ಜ್ ಶಿಬಿರಕ್ಕೆ ಬ್ರಿಟನ್ನಿನ ಹಿರಿಯ ವಿದ್ಯಾರ್ಥಿಗಳನ್ನು 1999ರಿಂದ ಕರೆದೊಯ್ಯುತ್ತಿದ್ದಾರೆ. ಭೇಟಿ ಒಂದೇ ದಿನದ್ದು. ಆದರೆ ಹೊರಡುವ ಮುನ್ನ ಬದುಕುಳಿದವರ ಮಾತು ಕೇಳುತ್ತಾರೆ, ಬಂದಮೇಲೆ ಕೂತು ಚರ್ಚಿಸುತ್ತಾರೆ, ಕಂಡದ್ದನ್ನು ತಮ್ಮ ಶಾಲೆಯಲ್ಲಿ ಹೇಳುತ್ತಾರೆ.

ಆ ನರಮೇಧಕ್ಕೂ ನಮ್ಮ ಗೋಲಿಬಾರಿಗೂ ಹೋಲಿಕೆ ಸಲ್ಲದು. ಕಲಿಸುವ ಕ್ರಮವನ್ನಂತೂ ತರಬಹುದು. ಅದಕ್ಕೆ ವಿಮಾನವೂ ಬೇಡ, ಗೌರಿಬಿದನೂರಿನ ದಾರಿ ಹಿಡಿದರೆ ಸಾಕು. 1938ರ ಏಪ್ರಿಲ್ 25ರಂದು ನಿಷೇಧ ಮೀರಿ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿಸಿದವರು ಮೈಸೂರು ಸಂಸ್ಥಾನದ್ದೇ ಪೊಲೀಸರು. ದಸರಾ ನೋಡಿ ಬೆಳೆದ ನಮಗೆ ಇದು ಸ್ವಲ್ಪ ಇರುಸುಮುರುಸಿನ ವಿಷಯವೇ. ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 32. ಈ ಅಂತರ ಏಕೆಂದು ಪಿಯುಸಿ ಹುಡುಗರು ಅಲ್ಲಿನ ವೀರಸೌಧದಲ್ಲಿ ನಿಂತೇ ಕೇಳಲಿ.

ಇನ್ನೊಂದು ಮಾತು. ದುಡ್ಡಿಲ್ಲದೆ ಪ್ರತಿ ಪ್ರವಾಸಕ್ಕೂ ಊರಲ್ಲೇ ಉಳಿಯುವ ಹಾಡಿಯ ಮಕ್ಕಳಿಗೂ ಆ ಬಸ್ಸಿನಲ್ಲಿ ಸೀಟು ಇರಬೇಕು.