ಗೃಹಾರೋಗ್ಯ ವಿಚಾರ: ಎರವಲು ಗುಳಿಗೆ



ನೆರೆಮನೆಗೆ ಒಂದು ಸೇರು ಅಕ್ಕಿಯನ್ನು ಎರವಲು ಕೊಡುವುದು ಗೃಹಸ್ಥಧರ್ಮ. ಹಾಲಿಗೆ ಹೆಪ್ಪನ್ನು ಕೊಡುವುದೂ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಬೆಂಕಿಪೆಟ್ಟಿಗೆಯನ್ನು ಕೊಡುವುದೂ ನಮ್ಮ ಊರುಗಳಲ್ಲಿ ಇಂದಿಗೂ ಉಳಿದುಬಂದಿರುವ ಸದಾಚಾರಗಳೇ ಸರಿ. ಆದರೆ ಎರವಲು ಕೊಡಬಾರದ, ಎರವಲು ಬೇಡಲೂ ಬಾರದ ವಸ್ತುವೊಂದು ಪ್ರತಿ ಮನೆಯಲ್ಲಿಯೂ ಉಂಟು. ಅದು ವೈದ್ಯರು ಒಬ್ಬ ರೋಗಿಗಾಗಿ ಬರೆದುಕೊಟ್ಟ ಔಷಧ. ಈ ಮಾತನ್ನು ನಾವು ಗ್ರಂಥದಿಂದ ಕಲಿತವರಲ್ಲ. ನಮ್ಮ ತಪ್ಪಿನಿಂದ ಕಲಿತವರು. ಆದುದರಿಂದ ಈ ತಿಂಗಳು ಆ ತಪ್ಪನ್ನೇ ಮೊದಲು ಹೇಳಿಕೊಳ್ಳುವೆವು.

ಮೂರು ವರ್ಷಗಳ ಹಿಂದೆ ಮಾಘಮಾಸದ ಒಂದು ರಾತ್ರಿ ಹತ್ತು ಗಂಟೆ ಕಳೆದಿರಬಹುದು. ತೋಡಾರಿನ ನಮ್ಮ ಮನೆಯ ಜಗಲಿಗೆ ನೆರೆಮನೆಯ ಹುಡುಗನು ಟಾರ್ಚು ಹಿಡಿದುಕೊಂಡು ಬಂದನು. “ಮಾಸ್ಟ್ರೇ, ಅಜ್ಜನಿಗೆ ಎದೆ ಉರಿಯಂತೆ. ಮಧ್ಯಾಹ್ನ ಮದುವೆಯಲ್ಲಿ ಊಟ ಸ್ವಲ್ಪ ಜೋರಾಗಿತ್ತು. ನಿಮ್ಮಲ್ಲಿ ಗ್ಯಾಸಿನ ಗುಳಿಗೆ ಉಂಟಾ?” ಎಂದು ಕೇಳಿದನು. ಉಂಟೋ ಎಂದರೆ! ನಮ್ಮ ಕಪಾಟಿನ ತಗಡಿನ ಡಬ್ಬಿಯಲ್ಲಿ ಆ ಗುಳಿಗೆಗಳಿಗೆ ಬರವಿರಲಿಲ್ಲ. ಎರಡನ್ನು ಕತ್ತರಿಸಿ ಕೊಟ್ಟೆವು. “ಒಂದನ್ನು ಈಗಲೇ ನುಂಗಲಿ, ಬೆಳಿಗ್ಗೆ ಇನ್ನೊಂದು” ಎಂದು ವೈದ್ಯರಂತೆಯೇ ಅಪ್ಪಣೆಯನ್ನೂ ಕೊಟ್ಟೆವು. ಪರೋಪಕಾರ ಮಾಡಿದೆವೆಂಬ ತೃಪ್ತಿಯಿಂದ ಮಲಗಿ ನಿದ್ರಿಸಿದೆವು.

ಬೆಳಗಿನ ಜಾವ ಅವರ ಅಂಗಳದಲ್ಲಿ ವಾಹನದ ಸದ್ದಾಯಿತು. ಹಿರಿಯರು ಬೆವರಿನಿಂದ ತೊಯ್ದು, ಮುಖ ಬಿಳಿಚಿಕೊಂಡು, ಉಸಿರಿಗಾಗಿ ಕಷ್ಟಪಡುತ್ತಿದ್ದರು. ಮಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ತಿಳಿದುದೇನೆಂದರೆ, ಅದು ಅಜೀರ್ಣವಲ್ಲ. ಹೃದಯಕ್ಕೆ ರಕ್ತವನ್ನೊಯ್ಯುವ ನಾಳವು ಮುಚ್ಚಿಹೋಗಿದ್ದಿತು. ಪ್ರಾಣವೇನೋ ಉಳಿಯಿತು. ಆದರೆ ರಾತ್ರಿಯೆಲ್ಲ ಕಳೆದುಹೋದ ಹೊತ್ತಿನಲ್ಲಿ ಹೃದಯದ ಮಾಂಸಖಂಡದ ಒಂದು ಭಾಗವು ಮರಳಿ ಬಾರದಂತೆ ಹೋಯಿತು. ದಿನವೂ ಗುಡ್ಡದ ಮೇಲಿನ ತೋಟಕ್ಕೆ ಹತ್ತಿ ಇಳಿಯುತ್ತಿದ್ದವರು ಈಗ ಗೇಟಿನವರೆಗೆ ಬಂದು ಕುಳಿತುಕೊಳ್ಳುತ್ತಾರೆ. ಆ ಮನೆಯವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿದ್ದಿತು.

ಈ ಭ್ರಾಂತಿಯು ನಮ್ಮೊಬ್ಬರದೇ ಅಲ್ಲ. ಸಂಸ್ಕೃತದ ‘ಮಾಧವನಿದಾನ’ವು ಅಮ್ಲಪಿತ್ತವನ್ನು ಪ್ರತ್ಯೇಕ ಅಧ್ಯಾಯದಲ್ಲಿ ವಿವರಿಸುವಾಗ, ಅಜೀರ್ಣ, ಬಳಲಿಕೆ, ವಾಕರಿಕೆ, ಹುಳಿಯೂ ಕಹಿಯೂ ಆದ ತೇಗುಗಳೊಂದಿಗೆ ಎದೆ ಮತ್ತು ಗಂಟಲುಗಳ ಉರಿಯನ್ನೂ ಲಕ್ಷಣವಾಗಿ ಎಣಿಸಿದೆ. ಅನ್ನನಾಳವು ಹೃದಯದ ಹಿಂಬದಿಯಲ್ಲೇ ಇಳಿದುಬರುವುದರಿಂದ ಎರಡರ ನೋವೂ ಒಂದೇ ಸ್ಥಳದಲ್ಲಿ ತೋರುತ್ತದೆ. ಅನುಭವಸ್ಥ ವೈದ್ಯರೂ ಹೃದಯದ ವಿದ್ಯುಲ್ಲೇಖವಾದ ಇಸಿಜಿಯನ್ನು ನೋಡದೆ ನಿರ್ಣಯ ಹೇಳಲು ಹಿಂಜರಿಯುವ ಕಡೆಯಲ್ಲಿ, ಜಗಲಿಯಲ್ಲಿ ನಿಂತ ಶಾಲಾಮಾಸ್ತರರು ನಿರ್ಣಯಿಸಿದ್ದು ಅಜ್ಞಾನವಲ್ಲದೆ ಮತ್ತೇನು? ಎದೆಯ ಮೇಲೆ ಭಾರವಿಟ್ಟಂತೆ ಅಥವಾ ಹಿಂಡಿದಂತೆ ಆದರೆ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಡಿದರೆ, ತಣ್ಣನೆಯ ಬೆವರು ಅಥವಾ ಏದುಸಿರು ಬಂದರೆ, ಗುಳಿಗೆಯನ್ನು ಹುಡುಕುತ್ತ ಕೂರತಕ್ಕುದಲ್ಲ. ೧೦೮ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಹೊರಡತಕ್ಕದ್ದು. ವೃದ್ಧರಲ್ಲಿಯೂ ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ಹೃದಯದ ಆಘಾತವು ಬರಿಯ ಹೊಟ್ಟೆಯ ಸಂಕಟದಂತೆ ತೋರುವುದುಂಟು. ಆಮ್ಲಶಾಮಕವನ್ನು ಕುಡಿದೊಡನೆ ಸ್ವಲ್ಪ ಹಾಯೆನಿಸಿತೆಂಬುದೂ ಹೃದಯವು ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ.

ಆಸ್ಪತ್ರೆಯಿಂದ ಹಿಂದಿರುಗಿದ ದಿನ ನಾವು ಆ ತಗಡಿನ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು, ತಳದಲ್ಲಿದ್ದ ಔಷಧಚೀಟಿಯನ್ನು ಬಿಡಿಸಿ ಓದಿದೆವು. ಪ್ಯಾಂಟೊಪ್ರಜೋಲ್ ೪೦ ಮಿಲಿಗ್ರಾಂ, ಬೆಳಿಗ್ಗೆ ಊಟಕ್ಕೆ ಮುಂಚೆ ಒಂದು, ಆರು ವಾರ, ಅನಂತರ ಬಂದು ತೋರಿಸುವುದು: ಇಷ್ಟೇ ಇದ್ದಿತು. ಆ ಚೀಟಿಗೆ ಆಗ ನಾಲ್ಕು ವರ್ಷ. ಆರು ವಾರವನ್ನು ನಾಲ್ಕು ವರ್ಷವನ್ನಾಗಿ ಮಾಡಿದವರು ವೈದ್ಯರಲ್ಲ, ನಾವು. ಅಂಗಡಿಯಲ್ಲಿ ಹಳೆಯ ಪಟ್ಟಿಯನ್ನು ತೋರಿಸುವುದು, ಹೊಸದನ್ನು ತರುವುದು. ಇದೇ ನಮ್ಮ ಚಿಕಿತ್ಸೆಯಾಗಿದ್ದಿತು. ಜೀವಮಾನವಿಡೀ ಮಕ್ಕಳಿಗೆ “ಪ್ರಶ್ನೆಯನ್ನು ಪೂರ್ತಿ ಓದಿರಿ” ಎಂದು ಬೋಧಿಸಿದವರು ನಮ್ಮದೇ ಚೀಟಿಯನ್ನು ಪೂರ್ತಿ ಓದಿರಲಿಲ್ಲ.

ಇನ್ನು ಈ ಔಷಧಗಳ ಸ್ವರೂಪವನ್ನು ಸಂಕ್ಷೇಪವಾಗಿ ವಿಚಾರಿಸೋಣ. ಅವುಗಳಲ್ಲಿ ಮುಖ್ಯವಾಗಿ ಮೂರು ವರ್ಗಗಳುಂಟು. ಮೊದಲನೆಯದು, ಈಗಾಗಲೇ ಜಠರದಲ್ಲಿರುವ ಆಮ್ಲವನ್ನು ತಣಿಸುವ ಬಿಳಿಯ ದ್ರವಗಳೂ ಜಗಿಯುವ ಬಿಲ್ಲೆಗಳೂ. ಇವು ಕೂಡಲೇ ಶಮನ ಕೊಡುತ್ತವೆ, ಬೇಗನೆ ಇಳಿದುಹೋಗುತ್ತವೆ. ಎರಡನೆಯದು, ಆಮ್ಲವನ್ನು ಸುರಿಸೆಂದು ಹಿಸ್ಟಮಿನ್ ಎಂಬ ದ್ರವ್ಯವು ಕೊಡುವ ಅಪ್ಪಣೆಯನ್ನು ತಡೆಯುವ ಫ್ಯಾಮೊಟಿಡಿನ್ ಮೊದಲಾದವು. ಮೂರನೆಯದು, ಜಠರದ ಕಣಗಳಲ್ಲಿ ಆಮ್ಲವನ್ನು ಹೊರಗೆ ನೂಕುವ ಪಂಪುಗಳನ್ನೇ ನಿಲ್ಲಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮೊದಲಾದವು. ಆ ಪಂಪುಗಳು ಆಹಾರವು ಬಂದಾಗ ಚುರುಕಾಗುವುವು. ಆದುದರಿಂದ ಈ ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಿದರೆ ಫಲ. ಉಂಡಮೇಲೆ ಉರಿ ಹತ್ತಿದಾಗ ನುಂಗಿದರೆ ಫಲ ಅಲ್ಪ. ಇದರ ಪೂರ್ಣಬಲವು ತೋರಲು ಕೆಲವು ದಿನಗಳೇ ಬೇಕು. ಇದನ್ನು ಜಗಿಯುವುದಾಗಲಿ ಪುಡಿಮಾಡುವುದಾಗಲಿ ಸಲ್ಲದು. ಆಮ್ಲದಿಂದ ಔಷಧವು ಕೆಡದಿರಲೆಂದೇ ಅದಕ್ಕೆ ಲೇಪವನ್ನು ಕೊಟ್ಟಿರುತ್ತಾರೆ. ನಾವು ಆ ರಾತ್ರಿ ಕೊಟ್ಟುದು ನಿಜವಾದ ಆಮ್ಲಪಿತ್ತಕ್ಕೂ ತಕ್ಷಣದ ಮದ್ದಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಔಷಧಗಳನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಜಠರದ ಹುಣ್ಣು ಒಂದು ಕಾಲದಲ್ಲಿ ಶಸ್ತ್ರಚಿಕಿತ್ಸೆಯನ್ನೇ ಬೇಡುತ್ತಿದ್ದಿತು. ಎರಡನೆಯ ವರ್ಗದ ಮೊದಲ ಪ್ರಸಿದ್ಧ ಔಷಧವಾದ ಸಿಮೆಟಿಡಿನ್ ಅನ್ನು ರೂಪಿಸಿದ ಸರ್ ಜೇಮ್ಸ್ ಬ್ಲ್ಯಾಕ್ ಎಂಬವರು ೧೯೮೮ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು, ಹೆಚ್ಚಿನ ಹುಣ್ಣುಗಳಿಗೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂಬುದನ್ನು ಲೋಕವು ನಂಬದಿದ್ದಾಗ, ೧೯೮೪ರಲ್ಲಿ ಆ ಜೀವಿಯನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡರು. ೨೦೦೫ರಲ್ಲಿ ರಾಬಿನ್ ವಾರನ್ ಅವರೊಂದಿಗೆ ಅವರಿಗೂ ಅದೇ ಪಾರಿತೋಷಕವು ದೊರೆಯಿತು. ಆ ಸೂಕ್ಷ್ಮಜೀವಿಯಿರುವ ರೋಗಿಗೆ ಆಮ್ಲತಡೆಯ ಗುಳಿಗೆಯೊಂದಿಗೆ ಜೀವಿನಾಶಕ ಔಷಧಗಳನ್ನೂ ನಿಯಮಿತ ದಿನಗಳವರೆಗೆ ಪೂರ್ತಿಯಾಗಿ ಕೊಡಬೇಕಾಗುತ್ತದೆ. ಉರಿಯನ್ನು ಮಾತ್ರ ಅಡಗಿಸುತ್ತ ಹೋದರೆ ಕಾರಣವು ಒಳಗೇ ಉಳಿಯುವುದು.

ಔಷಧಗಳ ವಿಷಯದ ಜ್ಞಾನವೂ ಕಾಲದಿಂದ ಕಾಲಕ್ಕೆ ತಿದ್ದಲ್ಪಡುತ್ತದೆ. ಮನೆಮನೆಗಳಲ್ಲಿ ಪರಿಚಿತವಾಗಿದ್ದ ರಾನಿಟಿಡಿನ್ ಗುಳಿಗೆಗಳಲ್ಲಿ ಅರ್ಬುದಕ್ಕೆ ಕಾರಣವಾಗಬಹುದಾದ ಎನ್‌ಡಿಎಂಎ ಎಂಬ ಕಲ್ಮಶವು ಕಂಡುಬಂದಿತೆಂದು ೨೦೧೯ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅಮೆರಿಕ ದೇಶವು ೨೦೨೦ರ ಏಪ್ರಿಲಿನಲ್ಲಿ ಅದನ್ನು ಅಂಗಡಿಗಳಿಂದ ಹಿಂತೆಗೆಸಿತು. ನಮ್ಮ ದೇಶದ ಅವಶ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ೨೦೨೨ರಲ್ಲಿ ಅದನ್ನು ಬಿಡಲಾಯಿತು. ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್ ಎಂಬುದು ಹೃದಯದ ಲಯವನ್ನು ಕೆಡಿಸುವುದೆಂದು ಭಾರತದಲ್ಲಿ ೨೦೧೧ರಲ್ಲಿ ನಿಷೇಧಿಸಲ್ಪಟ್ಟಿತು. ಹೀಗಿರಲಾಗಿ ಹಳೆಯ ಚೀಟಿಯನ್ನು ವೇದವಾಕ್ಯವೆಂದು ಹಿಡಿದುಕೊಂಡಿರುವುದು ಎಷ್ಟರ ಮಟ್ಟಿನ ವಿವೇಕ?

ಪಂಪನ್ನು ನಿಲ್ಲಿಸುವ ಗುಳಿಗೆಗಳನ್ನು ವೈದ್ಯರ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಸೇವಿಸಿದರೆ ಬಿ-೧೨ ಜೀವಸತ್ತ್ವವೂ ಮೆಗ್ನೀಸಿಯಮ್ ಎಂಬ ಲವಣವೂ ರಕ್ತದಲ್ಲಿ ಕುಗ್ಗಬಹುದು. ಕರುಳಿನ ಕೆಲವು ಸೋಂಕುಗಳಿಗೆ ಎಡೆಯಾಗಬಹುದು. ಎಲುಬು ಮುರಿಯುವ ಅಪಾಯವು ಸ್ವಲ್ಪ ಹೆಚ್ಚುವುದೆಂದೂ ಎಚ್ಚರಿಕೆಯುಂಟು. ನಮ್ಮ ಪಾದಗಳು ಜೋಮು ಹಿಡಿಯುತ್ತಿದ್ದುದನ್ನು ನಾವು ಮುಪ್ಪಿನ ತಲೆಗೆ ಕಟ್ಟಿದ್ದೆವು. ರಕ್ತಪರೀಕ್ಷೆಯಲ್ಲಿ ಬಿ-೧೨ ತೀರ ಕಡಿಮೆಯೆಂದು ತಿಳಿದುಬಂದಿತು.

ಇಷ್ಟನ್ನು ಓದಿ ಯಾರೂ ಇಂದೇ ಗುಳಿಗೆಯನ್ನು ಬಿಸುಡತಕ್ಕುದಲ್ಲ. ಸಂಧಿವಾತಕ್ಕೆಂದು ದಿನವೂ ನೋವಿನ ಮಾತ್ರೆ ನುಂಗುವವರಿಗೂ, ಹೃದಯರೋಗಕ್ಕಾಗಿ ಆಸ್ಪಿರಿನ್ ಸೇವಿಸುತ್ತ ಹಿಂದೆ ಹುಣ್ಣಾಗಿ ರಕ್ತ ಹೋದವರಿಗೂ, ಅನ್ನನಾಳವು ತೀವ್ರವಾಗಿ ಸುಟ್ಟುಹೋದವರಿಗೂ ದೀರ್ಘಕಾಲ ಇದನ್ನು ಕೊಡುವುದೇ ರಕ್ಷೆ. ಅಲ್ಲದೆ ಬಹುಕಾಲ ಸೇವಿಸಿದ್ದನ್ನು ಥಟ್ಟನೆ ನಿಲ್ಲಿಸಿದರೆ ಜಠರವು ಕೆಲವು ವಾರ ಮೊದಲಿಗಿಂತಲೂ ಹೆಚ್ಚು ಆಮ್ಲವನ್ನು ಸುರಿಸಬಹುದು. ಆಗ ರೋಗಿಯು “ಇದಿಲ್ಲದೆ ನಾನು ಬದುಕಲಾರೆ” ಎಂದು ಮತ್ತೆ ಡಬ್ಬಿಗೆ ಕೈಹಾಕುವನು. ನಮ್ಮ ವೈದ್ಯರು ಪ್ರಮಾಣವನ್ನು ಅರ್ಧಕ್ಕಿಳಿಸಿ, ಬಳಿಕ ದಿನ ಬಿಟ್ಟು ದಿನ ಮಾಡಿಸಿ, ಎರಡು ತಿಂಗಳಲ್ಲಿ ಬಿಡಿಸಿದರು.

ಒಂದು ಔಷಧವು ಇನ್ನೊಂದರೊಡನೆ ಕಲಹ ಮಾಡುವುದನ್ನೂ ಮರೆಯಬಾರದು. ಹೃದಯನಾಳಕ್ಕೆ ಸ್ಟೆಂಟ್ ಇಡಿಸಿಕೊಂಡವರು ಸೇವಿಸುವ ಕ್ಲೊಪಿಡೊಗ್ರೆಲ್ ಗುಳಿಗೆಯ ಬಲವನ್ನು ಒಮೆಪ್ರಜೋಲ್ ಕುಗ್ಗಿಸುವುದು. ಆಮ್ಲಶಾಮಕ ದ್ರವವು ಥೈರಾಯಿಡ್ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ದೇಹಕ್ಕೆ ಸೇರಗೊಡದು. ಎಷ್ಟು ಗಂಟೆಗಳ ಅಂತರವಿರಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಗುಳಿಗೆಯ ಹೆಸರಿನ ಕೊನೆಯಲ್ಲಿ ‘ಡಿ’ ಎಂಬ ಅಕ್ಷರವಿದ್ದರೆ ಅದರಲ್ಲಿ ಅನೇಕವೇಳೆ ಡಾಂಪೆರಿಡೋನ್ ಎಂಬ ಎರಡನೆಯ ಔಷಧವೂ ಸೇರಿರುತ್ತದೆ. ಅದು ಕೆಲವರಲ್ಲಿ, ವಿಶೇಷವಾಗಿ ವೃದ್ಧರಲ್ಲಿ, ಹೃದಯದ ಬಡಿತವನ್ನು ಕೆಡಿಸಬಹುದು. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿ ನುಂಗುವ ಯಾವತ್ತೂ ಔಷಧಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಉತ್ತಮ.

ಕೆಲವು ಲಕ್ಷಣಗಳು ಕಂಡರೆ ಆಮ್ಲದ ಗುಳಿಗೆಯು ರೋಗವನ್ನು ಮುಚ್ಚಿಡುವ ಪರದೆಯಾಗುವುದು. ನುಂಗುವಾಗ ಅನ್ನವು ಸಿಕ್ಕಿಕೊಳ್ಳುವುದು, ಮಲವು ಟಾರಿನಂತೆ ಕಪ್ಪಾಗುವುದು, ವಾಂತಿಯಲ್ಲಿ ರಕ್ತವಾಗಲಿ ಕಾಫಿಯ ಗಸಿಯಂತಹುದಾಗಲಿ ಬರುವುದು, ಕಾರಣವಿಲ್ಲದೆ ಮೈ ಇಳಿಯುವುದು, ರಕ್ತಹೀನತೆ, ಐವತ್ತೈದು ವರ್ಷ ದಾಟಿದಮೇಲೆ ಹೊಸದಾಗಿ ಆರಂಭವಾದ ಹೊಟ್ಟೆಯ ಉಪದ್ರವ: ಇವುಗಳಲ್ಲಿ ಯಾವುದೊಂದಿದ್ದರೂ ವಿಳಂಬಿಸದೆ ಪರೀಕ್ಷೆ ಮಾಡಿಸತಕ್ಕದ್ದು. ರಕ್ತ ಕಂಡರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಔಷಧಕ್ಕೆ ಜೊತೆ ಪಥ್ಯ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನೆರಳಿನಲ್ಲಿ ಬಾಳಿದ ನಮ್ಮ ಜೈನ ಬಾಂಧವರು ಸೂರ್ಯಾಸ್ತದ ಮೊದಲೇ ಊಟವನ್ನು ಮುಗಿಸುವ ವ್ರತವನ್ನು ಅಹಿಂಸಾರ್ಥವಾಗಿ ಇಟ್ಟುಕೊಂಡಿದ್ದಾರೆ. ಊಟಕ್ಕೂ ಶಯನಕ್ಕೂ ಮೂರು ಗಂಟೆಯ ಅಂತರವಿರಲೆಂದು ಇಂದಿನ ವೈದ್ಯರು ಹೇಳುವುದು ಬೇರೆ ಕಾರಣದಿಂದ. ಆದರೆ ಆಚರಣೆಯ ಫಲವು ಒಂದೇ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿಯಷ್ಟು ಎತ್ತರದ ಮರದ ತುಂಡುಗಳನ್ನಿಡುವುದು, ಎಡಮಗ್ಗುಲಾಗಿ ಮಲಗುವುದು, ಬೊಜ್ಜನ್ನು ಇಳಿಸುವುದು, ಹೊಗೆಸೊಪ್ಪನ್ನು ಬಿಡುವುದು: ಇವಕ್ಕೆ ಖರ್ಚಿಲ್ಲ. ಯಾವ ಆಹಾರವು ತನಗೆ ಒಗ್ಗದೆಂಬುದನ್ನು ಅವರವರೇ ಗಮನಿಸಿ ಬಿಡಬೇಕು. ನಮಗೆ ರಾತ್ರಿಯ ಕೋಲ್ಡ್ ಕಾಫಿಯೂ ಎಣ್ಣೆಯಲ್ಲಿ ಕರಿದ ತಿಂಡಿಯೂ ಶತ್ರುಗಳು. ಕುಚ್ಚಲಕ್ಕಿಯ ಗಂಜಿಯು ಮಿತ್ರ.

ಈ ಪಂಪು ತಡೆಯುವ ಗುಳಿಗೆಗಳು ಔಷಧ ಕಾನೂನಿನ ‘ಎಚ್’ ಅನುಸೂಚಿಗೆ ಸೇರಿದವು. ಎಂದರೆ ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಲಾಗದು. ಕಾನೂನು ಅಂಗಡಿಯವರೆಗೆ ಮಾತ್ರ ಬರುವುದು. ಮನೆಯ ಕಪಾಟಿನೊಳಗೆ ಗೃಹಿಣಿಯೂ ಗೃಹಸ್ಥನೂ ತಾವೇ ಕಾನೂನಾಗಬೇಕು. ಗುಳಿಗೆಯ ಪಟ್ಟಿಯನ್ನು ಅವಧಿಯ ತಾರೀಖು ಹೋಗುವಂತೆ ಕತ್ತರಿಸಬಾರದು. ಚೀಟಿಯ ಮೇಲೆ ಆರಂಭದ ದಿನವನ್ನೂ ಮುಗಿಯುವ ದಿನವನ್ನೂ ಬರೆದಿಡಬೇಕು. “ಇದು ಏಕೆ, ಎಷ್ಟು ದಿನ, ಎಂದು ನಿಲ್ಲಿಸುವುದು?” ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಲ್ಲಿ ಕೇಳದೆ ಏಳಬಾರದು.

ನಮ್ಮ ತಗಡಿನ ಡಬ್ಬಿಯಲ್ಲಿ ಈಗ ಔಷಧಗಳಿಲ್ಲ. ಗುಂಡಿ, ಸೂಜಿ, ದಾರಗಳಿವೆ. ಮೊನ್ನೆ ಸಂಜೆ ನೆರೆಮನೆಯ ಹಿರಿಯರು ಗೇಟಿನ ಬಳಿ ಕುಳಿತವರು ನಮ್ಮನ್ನು ಕಂಡು, “ಏನು ಮಾಸ್ಟ್ರೇ, ಈಗ ಗುಳಿಗೆ ಕೇಳಿದರೆ ಕೊಡುವುದಿಲ್ಲವಂತೆ?” ಎಂದು ನಕ್ಕರು. “ಇಲ್ಲ, ಕೊಡುವುದಿಲ್ಲ. ಆದರೆ ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ನಿಮ್ಮ ಜೊತೆಗೆ ಆಸ್ಪತ್ರೆಗೆ ಬರುತ್ತೇವೆ” ಎಂದೆವು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, “ಅಷ್ಟು ಸಾಕು” ಎಂದರು.

ವಾಚಕರೇ, ನಿಮ್ಮ ಜಗಲಿಗೂ ಒಂದು ರಾತ್ರಿ ಟಾರ್ಚು ಹಿಡಿದ ಹುಡುಗನು ಬಂದಾನು. ಆಗ ಕಪಾಟಿನ ಕಡೆಗೆ ತಿರುಗಬೇಡಿರಿ. ಚಪ್ಪಲಿಯನ್ನು ಮೆಟ್ಟಿ ಅವನೊಂದಿಗೆ ಹೊರಡಿರಿ.